ನನ್ನ ತವರಿನ ಗಾಳಿ, ನಾದಿನಿಯ ಶಾವಿಗೆ

ಹುಕ್ಕೇರಿಯಿಂದ ಮೂಡಲಗಿಗೆ ಸೊಸೆಯಾಗಿ ಹೋಗುವಾಗ ನಾನು ಒಯ್ದದ್ದು ಒಂದು ಟ್ರಂಕು, ಒಂದು ಶಾವಿಗೆ ಮಣೆ. ಅತ್ತೆಯ ಲೆಕ್ಕದಲ್ಲಿ ಮೂರನೆಯದೂ ಒಂದಿತ್ತು: ಗಾಳಿ.

ಮೂಡಲಗಿಗೆ ವರ್ಷದ ಹೆಚ್ಚಿನ ದಿನ ಗಾಳಿ ಬರುವುದು ಪಡುವಣದಿಂದ. ಪಡುವಣಕ್ಕೆ ಹುಕ್ಕೇರಿ ಇದೆ. ಇಷ್ಟು ಸಾಕಾಯಿತು. ರೊಟ್ಟಿಯ ಹಿಟ್ಟಿನಲ್ಲಿ ಧೂಳು ಬಿದ್ದರೆ ಅತ್ತೆ, "ನೋಡವಾ, ನಿಮ್ಮ ತವರ್ಮನಿ ಗಾಳಿ ಬಂತು, ಬಾಗಲಾ ಮುಚ್ಚ" ಎನ್ನುತ್ತಿದ್ದರು. ಹಿತ್ತಲಲ್ಲಿ ಒಣಹಾಕಿದ ಸೀರೆ ಹಾರಿ ಜಾಲಿಕಂಟಿಗೆ ಸಿಕ್ಕರೆ, "ನಿಮ್ಮೂರ ಗಾಳಿಗೆ ಒಂದು ರೀತಿ ರಿವಾಜು ಕಲಿಸಿಲ್ಲೇನ?" ಎಂದು ಕೇಳುತ್ತಿದ್ದರು. ನನ್ನ ಅಪ್ಪ ಮದುವೆಯಲ್ಲಿ ಕೊಟ್ಟ ಪಾತ್ರೆಗಳನ್ನು ಅವರು ಇಷ್ಟು ನೆನೆದದ್ದನ್ನು ನಾನು ನೋಡಿಲ್ಲ. ಗಾಳಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ನೆನೆಯುತ್ತಿದ್ದರು.

ಚಳಿಗಾಲದಲ್ಲಿ ಮೂಡಗಾಳಿ ಬೀಸಿ ಎಲ್ಲರ ತುಟಿ, ಹಿಮ್ಮಡಿ ಒಡೆಯುತ್ತಿದ್ದವು. ಆಗ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಮೂಡಣ ದಿಕ್ಕಿನಿಂದ ಆ ಮನೆಗೆ ಸೊಸೆ ಬಂದಿರಲಿಲ್ಲ ನೋಡಿ, ಅದಕ್ಕೆ ಅದು ದೇವರ ಗಾಳಿ. ಇನ್ನು ಮುಂಗಾರಿನ ಮೊದಲ ಮೋಡ ನನ್ನ ತವರಿನ ಮೇಲಿಂದಲೇ ಹಾದು ಬಂದು ಸುರಿದರೂ ಅದು "ನಮ್ಮ ಮೂಡಲಗಿ ಮಳಿ" ಆಗುತ್ತಿತ್ತು. ಧೂಳಿಗೆ ತವರು ಉಂಟು, ಮಳೆಗಿಲ್ಲ.

ಮಾವ ಬೈಯುವವರಲ್ಲ, ವಿವರಿಸುವವರು. ಅದು ಇನ್ನೂ ಕಷ್ಟ. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದರೆ ಒಂದು ಚಿಟಿಕೆ ಮಣ್ಣು ಎತ್ತಿ ಮೇಲಿಂದ ಬಿಡುತ್ತಿದ್ದರು. ಅದು ಯಾವ ಕಡೆ ವಾಲಿತು ಎಂದು ನೋಡಿ ಆ ದಿನದ ಗಾಳಿಯ ಹಣೆಬರಹ ಹೇಳುತ್ತಿದ್ದರು. ಹೇಳಿದ್ದು ನಿಜವಾದ ದಿನ ನನಗೆ ನೆನಪಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುಬೇಸಿಗೆಯಲ್ಲಂತೂ ಅವರಿಗೆ ಒಳ್ಳೆಯ ನೆಪ ಸಿಕ್ಕಿತು. "ರಾಜ್ಯ ಬದಲಾತು, ಗಾಳಿನೂ ಗಲಿಬಿಲಿ ಆಗೇತಿ. ಯಾರ ಹುಕುಮ್ ಕೇಳಬೇಕು ಅದಕ್ಕ ಗೊತ್ತಾಗವಲ್ದು" ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದರು. ಕೂತವರು ತಲೆಯಾಡಿಸಿದರು.

ನಾನು ಹೇಳಹೊರಟಿರುವುದು ಅದೇ ಬೇಸಿಗೆಯ ಮಾತು. ನನ್ನ ನಾದಿನಿಯ ಮೂರನೆಯ ಸಂಬಂಧದ ಮಾತು.

ನಾದಿನಿ ಎತ್ತರದ ಹುಡುಗಿ, ದನಿಯೂ ಎತ್ತರ. ಎಮ್ಮೆ ಹಿಂಡುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಒದೆಯುವ ಎಮ್ಮೆಯೂ ಅವಳ ಕೈ ತಾಗಿದರೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಆದರೆ ಅದೇ ಕೈಗೆ ಶಾವಿಗೆ ಬಾರದು. ನಮ್ಮ ಕಡೆ ಆಗ ಹುಡುಗಿಯ ಮುಖ ನೋಡುವ ಮೊದಲು ಅವಳ ಶಾವಿಗೆ ನೋಡುತ್ತಿದ್ದರು. ಎಳೆ ಕೂದಲಿನಷ್ಟು ಸಣ್ಣಗಿದ್ದರೆ ಹುಡುಗಿ ಸಂಸಾರ ಮಾಡುತ್ತಾಳೆ, ದಪ್ಪಗಿದ್ದರೆ ಗಂಡನನ್ನು ಕುಣಿಸುತ್ತಾಳೆ ಎಂದು ಅರ್ಥ. ಈ ವಿದ್ಯೆ ಯಾರು ಕಂಡುಹಿಡಿದರೋ ತಿಳಿಯದು. ಗಂಡಸಿನ ಗುಣ ನೋಡಲು ಅವನು ಹೊಸೆದ ಹಗ್ಗವನ್ನೋ ದನದ ಕಣ್ಣಿಯನ್ನೋ ತರಿಸಿ ನೋಡಿದ್ದನ್ನು ನಾನಂತೂ ಕೇಳಿಲ್ಲ.

ಮೊದಲ ಎರಡು ಸಂಬಂಧ ಶಾವಿಗೆಯಲ್ಲೇ ಹೋಗಿದ್ದವು. ಮೊದಲನೆಯವರು ಏನೂ ಹೇಳದೆ ಎದ್ದರು. ಎರಡನೆಯವರು ಹೊಸ್ತಿಲು ದಾಟುವಾಗ, "ಎತ್ತಿಗೆ ಮೂಗದಾರ ಬೇಕಾದ್ರ ಹೇಳಿ ಕಳಸ್ತೀವ್ರಿ" ಎಂದು ಹೋಗಿದ್ದರು. ಆ ಮಾತು ಓಣಿಯಲ್ಲಿ ಒಂದು ತಿಂಗಳು ಓಡಾಡಿತು. ನಾದಿನಿ ನಕ್ಕುಬಿಟ್ಟಳು. ಎರಡೂ ಗಂಡುಗಳನ್ನು ಅವಳು ನೋಡಿರಲಿಲ್ಲ, ಹೋದರೆ ಹೋಗಲಿ ಎಂದಿದ್ದಳು.

ಮೂರನೆಯದು ಹಾಗಲ್ಲ. ಹುಡುಗ ಶಾಲೆಯ ಮಾಸ್ತರ, ಹುಕ್ಕೇರಿಗೂ ಮೂಡಲಗಿಗೂ ನಡುವಿನ ಗೋಕಾಕದವನು. ಹಿಂದಿನ ವರ್ಷ ಬಳಗದ ಒಂದು ಮದುವೆಗೆ ಹೋಗಿದ್ದಾಗ ಘಟಪ್ರಭಾ ಸ್ಟೇಷನ್ನಿನಲ್ಲಿ ಅವನ ಟೊಪ್ಪಿಗೆ ಗಾಳಿಗೆ ಹಾರಿತ್ತಂತೆ. ನಮ್ಮ ಗಂಡಸರಾದರೆ ಹಾರಿದ್ದು ತಮ್ಮದಲ್ಲವೇ ಅಲ್ಲ ಎಂಬಂತೆ ನಿಲ್ಲುತ್ತಾರೆ, ಬೇರೆ ಯಾರಾದರೂ ತಂದುಕೊಡಬೇಕು. ಇವನು ಮಾತ್ರ ಧೋತರ ಎತ್ತಿಕೊಂಡು ಟೊಪ್ಪಿಗೆಯ ಹಿಂದೆ ಓಡಿದ. ಎರಡು ಸಲ ಹಿಡಿಯಲು ಹೋದಾಗ ಕೈತಪ್ಪಿತು, ಮೂರನೆಯ ಸಲ ಹಿಡಿದು ಹಲ್ಲು ಕಿಸಿದು ನಕ್ಕ. ನೋಡುತ್ತ ನಿಂತಿದ್ದ ನಾದಿನಿ ಆ ನಗುವನ್ನು ಮೂಡಲಗಿಗೆ ತಂದಿದ್ದಳು.

"ವೈನಿ," ಎಂದು ಒಂದು ದಿನ ಎಮ್ಮೆಗೆ ಮೇವು ಹಾಕುತ್ತ ನನಗೆ ಹೇಳಿದಳು. "ಈ ಸಲ ಹೋಗಬಾರದು ನೋಡ."

"ಏನು?"

"ಸಂಬಂಧ. ಮತ್ತೇನ್ ಎಮ್ಮಿ ಹೋಗತೈತೇನ?"

ಅವಳ ಕಣ್ಣಿನಲ್ಲಿ ನೀರು ನೋಡಿದ್ದು ಅದೇ ಮೊದಲು. ಮೇವಿನ ಧೂಳು ಎಂದಳು. ಹುಕ್ಕೇರಿಯದು ಎನ್ನಲಿಲ್ಲ, ಅಷ್ಟು ದೊಡ್ಡ ಮನಸ್ಸು.

ನಡುವೆ ಮಾತಾಡುವವರಿಂದ ಸುದ್ದಿ ಬಂತು. ಹುಡುಗನ ತಾಯಿ ಬರುವ ಸೋಮವಾರ ಬರುತ್ತಾರೆ, ಹುಡುಗಿ ಕೈಯಾರೆ ಹೊಸೆದ ಶಾವಿಗೆ ಉಂಡು ಮಾತು ಹೇಳುತ್ತಾರೆ. ಅತ್ತೆ ಅವತ್ತು ಮೊದಲ ಸಲ ನನ್ನ ತವರನ್ನು ಹೊಗಳಿದರು. "ಹುಕ್ಕೇರಿ ಮಂದಿ ಕೈಯಾಗ ಶಾವಿಗಿ ಅಂದ್ರ ಶಾವಿಗಿ. ನೀ ಹೊಸಿ. ಇಕಿ ಹೊಸದಾಳ ಅಂತ ನಾ ಹೇಳ್ತೇನಿ."

ನನಗೂ ಗರ್ವ ಇತ್ತು, ಸುಳ್ಳು ಏಕೆ ಹೇಳಲಿ. ತವರಿನಲ್ಲಿ ನಾನು ಹೊಸೆದ ಎಳೆಯನ್ನು ಅವ್ವ ಸೂಜಿಯ ಕಣ್ಣಿಗೆ ಪೋಣಿಸಿ ನೆರೆಯವರಿಗೆ ತೋರಿಸುತ್ತಿದ್ದಳು. ಜವೆಗೋಧಿಯ ಸಣ್ಣ ರವೆಯನ್ನು ನೆನೆಸಿ ನಾದಿ ಕುಟ್ಟಿ, ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಅಂಗೈಯಿಂದ ಹೊಸೆಯುತ್ತ ಹೋದರೆ ಎಳೆ ತಾನಾಗಿ ಕೆಳಗೆ ಇಳಿಯುತ್ತದೆ. ಕೆಳಗೆ ಕೂತವರು ಅದನ್ನು ಹಿಡಿದು ಕೋಲಿಗೆ ಇಳಿಬಿಡುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ ಒಂದೇ ಸಂಗತಿ, ಇಷ್ಟು ವರ್ಷ ಅರ್ಧ ಕೆಲಸ ಹುಕ್ಕೇರಿಯ ಗಾಳಿ ಮಾಡುತ್ತಿತ್ತು ಎನ್ನುವುದು. ಘಟ್ಟ ಹತ್ತಿ ಬರುವ ಗಾಳಿ ನಮ್ಮೂರಿಗೆ ಮುಟ್ಟುವಾಗ ಅದರಲ್ಲಿ ಇನ್ನೂ ಸ್ವಲ್ಪ ತಂಪು ಉಳಿದಿರುತ್ತದೆ, ಎಳೆ ಬಳುಕುತ್ತದೆ. ಅದೇ ಗಾಳಿ ಮೂಡಲಗಿಗೆ ಬರುವಷ್ಟರಲ್ಲಿ ಕರಿನೆಲದ ಮೇಲೆ ಹಾದು ಹಾದು ಹುರಿದ ಕಡಲೆಯಂತಾಗಿರುತ್ತದೆ.

ಅತ್ತೆ ಮಣೆಯನ್ನು ಮಾಳಿಗೆಗೆ ಹತ್ತಿಸಿದರು. ಮಾಳಿಗೆಯೇ ಏಕೆ ಎಂದರೆ, ಓಣಿಗೆಲ್ಲ ಕಾಣಬೇಕು. ಮೂಗದಾರದ ಮಾತಿಗೆ ಉತ್ತರ ಅಲ್ಲಿಂದಲೇ ಕೊಡಬೇಕು. ನಾದಿನಿಯನ್ನು ಮಣೆಯ ಮುಂದೆ ಓಣಿಗೆ ಕಾಣುವಂತೆ ನಿಲ್ಲಿಸಿದರು, ನನ್ನನ್ನು ಅವಳ ಬೆನ್ನ ಹಿಂದೆ ಕೂರಿಸಿದರು.

ಮೊದಲ ದಿನ ಎಳೆ ಮಣೆ ಬಿಟ್ಟು ಒಂದು ಗೇಣು ಇಳಿಯುವುದರೊಳಗೆ ಪಟ್ಟನೆ ಮುರಿಯಿತು. ಒಂದಲ್ಲ ಎರಡಲ್ಲ, ಮಧ್ಯಾಹ್ನದ ತನಕ ಎಲ್ಲವೂ. ನನ್ನ ಸುತ್ತ ಬಿದ್ದದ್ದು ಶಾವಿಗೆಯಲ್ಲ, ಕತ್ತರಿಸಿದ ಉಗುರಿನ ಚೂರು.

ಮಾವ ಏಣಿ ಹತ್ತಿ ಬಂದು ಮಣ್ಣು ಬಿಟ್ಟು ನೋಡಿದರು. "ತಪ್ಪು ನಿಂದಲ್ಲವಾ. ಗಾಳಿ ಇವತ್ತ ಓರೆ ಐತಿ. ಮಣಿ ಸ್ವಲ್ಪ ತೆಂಕಲಕ್ಕ ತಿರುಗಿಸು."

ತಿರುಗಿಸಿದೆ. ಈಗ ತೆಂಕಣಕ್ಕೆ ಮುರಿಯತೊಡಗಿತು.

"ನಾಳಿ ನೆಟ್ಟಗ ಆಗತೈತಿ," ಎಂದು ಇಳಿದು ಹೋದರು.

ಎರಡನೆಯ ದಿನ ಹಿಟ್ಟಿಗೆ ನೀರು ಹೆಚ್ಚಿಸಿದೆ. ಎಳೆ ಮುರಿಯಲಿಲ್ಲ, ಹಿಗ್ಗಿ ಹಿಗ್ಗಿ ಗಾಳಿಯಲ್ಲಿ ಜೋಕಾಲಿ ಆಡಿತು. ಒಂದು ಎದ್ದುಹೋಗಿ ಮಾವನ ರುಮಾಲಿಗೆ ಸುತ್ತಿಕೊಂಡಿತು. ಅವರು ಅದನ್ನು ತಿಳಿಯದೆ ಕಟ್ಟೆಗೆ ಹೋಗಿ ಸಂಜೆಯ ತನಕ ಗಾಳಿಯ ವಿಷಯ ವಿವರಿಸಿದರು. ಉಳಿದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು, ಮುದ್ದೆಯ ಮೇಲೆ ಧೂಳು ಕೂತಿತು.

"ನಿಮ್ಮೂರ ಗಾಳಿ, ನಿಮ್ಮೂರ ಮಣಿ, ನಿಮ್ಮೂರ ಕೈ," ಎಂದರು ಅತ್ತೆ. "ಮೂರೂ ಕೂಡಿ ನನ್ನ ಮಗಳ ಬಾಳಿಗೆ ಅಡ್ಡ ಬಂದಾವ ನೋಡವಾ."

ನನಗೆ ಅಳು ಬಂತು. ಆ ಮಾತಿಗಲ್ಲ, ಅಂಗೈ ಸುಲಿದಿತ್ತು. ನಾದಿನಿ ಅಳಲಿಲ್ಲ. ಮುದ್ದೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಎಮ್ಮೆಗೆ ಹಾಕಲು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆದಳು.

"ವೈನಿ, ಇಲ್ಲಿ ಬಾ. ಸಾವಕಾಶ ಬಾ, ಗಾಳಿ ಎಬ್ಬಿಸಬ್ಯಾಡ."

ನಮ್ಮ ಮನೆಯ ಹಿಂಬದಿಯ ಅಂಕಣ ಎಮ್ಮೆಯದು. ಮೊಳಗೈ ದಪ್ಪದ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಒಂದೇ ಕುಳ್ಳ ಬಾಗಿಲು. ಒಳಗೆ ಎಮ್ಮೆಯ ಉಸಿರು, ಗಂಜಲ, ಹಸಿಮೇವು ಎಲ್ಲ ಸೇರಿ ಬೆಚ್ಚಗೆ ಒದ್ದೆಯಾದ ಗಾಳಿ. ನಾದಿನಿ ತೊಲೆಯ ಕಡೆ ಬೆರಳು ಮಾಡಿದಳು. ತೊಲೆಯಿಂದ ಜೇಡದ ಒಂದು ಎಳೆ ಇಳಿಬಿದ್ದಿತ್ತು. ಹೊರಗೆ ಜಾಲಿಮರ ಬುಡಸಮೇತ ತೂಗುತ್ತಿದ್ದರೆ ಈ ಎಳೆ ಗೆರೆ ಎಳೆದಂತೆ ನಿಂತಿತ್ತು.

"ನೋಡಿದಿ? ಅಲ್ಲಾಡವಲ್ದು. ಅಪ್ಪ ಇಪ್ಪತ್ತು ವರ್ಷ ಮಣ್ಣ ತೂರಿದ. ಈ ಜ್ಯಾಡ ಸುಮ್ನ ಇಲ್ಲಿ ಬಂದು ಕುಂತೈತಿ."

"ಅಯ್ಯ, ಎಮ್ಮಿ ಅಂಕಣದಾಗ? ಬೀಗರು ಉಣ್ಣೂ ಶಾವಿಗಿ?"

"ಎಮ್ಮಿ ಹಾಲು ಹಾಕ್ಕೊಂಡು ಉಣ್ಣಂಗಿಲ್ಲೇನ ಅವರು?"

ಮರುದಿನ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಮಣೆಯನ್ನು ಇಳಿಸಿ ಒಳಗೆ ತಂದೆವು. ನೆಲ ಬಳಿದು ಸಾರಿಸಿದೆವು. ಮೊದಲ ಎಳೆ ಇಳಿಯಿತು, ಒಂದು ಗೇಣು, ಒಂದು ಮೊಳ, ನೆಲದ ತನಕ. ನಾನು ಉಸಿರು ಬಿಡದೆ ನೋಡಿದೆ. ಎಮ್ಮೆ ಬಾಲ ಬೀಸಿತು, ಎಳೆ ಹೋಯಿತು.

ಅಲ್ಲಿಂದ ನಾದಿನಿಯ ಕೆಲಸ ಶುರುವಾಯಿತು. ಎರಡು ದಿನ ಪೂರ್ತಿ ನಾನು ಹೊಸೆದೆ, ಎಡಗೈಯಿಂದ ಎಳೆ ಹಿಡಿದು ಕೋಲಿಗೆ ಹಾಕಿದೆ. ಅವಳು ಎಮ್ಮೆಯ ಬಾಲ ಹಿಡಿದು ನಿಂತಳು. ಅದಕ್ಕೆ ನೊಣ ಕೂತರೆ ಓಡಿಸಿದಳು, ಬೇಸರವಾದರೆ ಕಿವಿ ತುರಿಸಿದಳು. ವಾಸನೆ ಹತ್ತಬಾರದು ಎಂದು ಕೆಂಡದ ಮೇಲೆ ಲೋಬಾನ ಹಾಕಿದೆವು. ಮೊದಲು ಚಿಟಿಕೆ, ಆಮೇಲೆ ಹೆದರಿಕೆಗೆ ಹಿಡಿ.

ಹೊಗೆ ನೋಡಿ ಅತ್ತೆ ಬಂದೇ ಬಂದರು. ಬಾಗಿಲಲ್ಲಿ ಬಾಯಿ ತೆರೆದು ನಿಂತರು. "ಯಪ್ಪಾ ಶಿವನೇ! ಎಮ್ಮಿ ಕುಂಡಿ ಹಿಂದ..." ಎಂದು ಶುರುಮಾಡಿದವರು, ಕೋಲಿನ ಮೇಲೆ ಇಳಿಬಿದ್ದಿದ್ದ ಎಳೆಗಳನ್ನು ನೋಡಿದರು. ಬಾಗಿ ಒಂದನ್ನು ಬೆರಳಿಗೆ ತಗೊಂಡರು. ಬೆಳಕಿಗೆ ಹಿಡಿದರು. ಆಮೇಲೆ ತಿರುಗಿ ಹೊಸ್ತಿಲ ಮೇಲೆ ಅಡ್ಡ ಕೂತು, ಬಂದವರಿಗೆಲ್ಲ "ಎಮ್ಮಿಗೆ ದೃಷ್ಟಿ ಆಗೇತ್ರಿ, ಲೋಬಾನ ಹಾಕಾಕತ್ತೇವಿ, ಒಳಗ ಬರಬ್ಯಾಡ್ರಿ" ಎಂದು ಹೇಳುವ ಕೆಲಸ ವಹಿಸಿಕೊಂಡರು.

ಇದರ ಮೇಲೆ ಇನ್ನೊಂದು ಉಪಾಯ ಅವರದೇ. ಮಾಳಿಗೆಯ ಮೇಲೆ ಖಾಲಿ ಕೋಲುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಮಾವನ ಧೋತರ ಹೊದಿಸಿ, ಸುತ್ತ ಕಲ್ಲು ಇಟ್ಟರು. ಓಣಿಯಿಂದ ನೋಡಿದವರಿಗೆ ಶಾವಿಗೆ ಮುಚ್ಚಿಟ್ಟಂತೆ ಕಾಣಬೇಕು. ಮಾವನಿಗೆ ನಾವು ಯಾರೂ ಏನೂ ಹೇಳಲಿಲ್ಲ. ಗುಟ್ಟು ಕಟ್ಟೆಗೆ ಹೋಗುತ್ತದೆ ಎಂಬ ಭಯ. ಅವರು ಕೆಳಗಿನಿಂದಲೇ ಧೋತರ ನೋಡಿ, "ನಾ ಹೇಳಿದ್ನಿಲ್ಲೋ, ಗಾಳಿ ನೆಟ್ಟಗಾತು" ಎಂದರು.

ಸೋಮವಾರ ಬೀಗತಿ ಬಂದರು. ಸಣ್ಣ ಆಳು, ನೆರೆತ ಕೂದಲು, ಮಾತು ಕಡಿಮೆ. ನಮ್ಮ ಓಣಿಯ ಹೆಂಗಸರೂ ಏನೋ ಕೇಳುವ ನೆಪದಲ್ಲಿ ಬಂದು ಪಡಸಾಲೆ ತುಂಬಿದ್ದರು. ಬಸಿದ ಶಾವಿಗೆಗೆ ಹಾಲು, ತುಪ್ಪ, ಸಕ್ಕರೆ ಹಾಕಿ ಅತ್ತೆ ಗಂಗಾಳ ಮುಂದಿಟ್ಟರು. ಬೀಗತಿ ಉಣ್ಣಲಿಲ್ಲ. ಮೊದಲು ಒಣಶಾವಿಗೆಯ ಬುಟ್ಟಿ ತರಿಸಿದರು. ಒಂದು ಎಳೆ ಎತ್ತಿದರು, ಬಾಗಿಸಿದರು, ಬೆಳಕಿಗೆ ಹಿಡಿದರು. ಕೊನೆಗೆ ಮೂಗಿನ ಹತ್ತಿರ ಒಯ್ದರು.

ನಾನು ಗಂಗಾಳವನ್ನು ಅವರತ್ತ ಇನ್ನಷ್ಟು ಸರಿಸಿದೆ.

"ಎಲ್ಲಿ ಒಣಗಿಸೀರಿ?" ಎಂದು ಕೇಳಿದರು.

"ಮಾಳಿಗಿ ಮ್ಯಾಲ್ರಿ ಅಕ್ಕಾರ," ಎಂದರು ಅತ್ತೆ, ತಟ್ಟನೆ. "ಹುಡುಗಿ ಒಬ್ಬಾಕಿನ ಹೊಸದಾಳ್ರಿ."

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಗಾಳಿಯ ಮಾತು ಬಂದಮೇಲೆ ಮಾವ ಸುಮ್ಮನಿರುವವರೇ? "ಬರ್ರಿ ಬರ್ರಿ, ತೋರಸ್ತೇನಿ. ನಮ್ಮ ಮಾಳಿಗಿ ಗಾಳಿ ಅಂದ್ರ ಹೆಂಗಂತೀರಿ!" ಎಂದು ಎದ್ದರು. ಅತ್ತೆ ಕಣ್ಣುಸನ್ನೆ ಮಾಡಿದರು. ಆ ಕಣ್ಣುಸನ್ನೆಯನ್ನು ಮಾವ "ಕರಕೊಂಡು ಹೋಗ್ರಿ" ಎಂದು ತಿಳಿದರು. ಬೀಗತಿ ಏಣಿ ಹತ್ತಿದರು, ಹಿಂದೆ ನಾವೆಲ್ಲ.

ಮಾಳಿಗೆಯ ಮೇಲೆ ಗಾಳಿ ಸೆರಗು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಮಾವ ಮಣ್ಣು ಬಿಟ್ಟು ತೋರಿಸಿದರು, ಅದು ಬೀಗತಿಯ ಕಣ್ಣಿಗೆ ಹೋಯಿತು. ಆಮೇಲೆ ಅವರು ಹೆಮ್ಮೆಯಿಂದ ಧೋತರದ ಅಂಚಿನ ಕಲ್ಲು ಸರಿಸಿದರು. ಧೋತರ ಎದ್ದು ನಿಂತಿತು.

ಖಾಲಿ ಕೋಲು.

ಮಾವ ಕೋಲುಗಳನ್ನು ನೋಡಿದರು, ಆಕಾಶ ನೋಡಿದರು, ಪಡುವಣಕ್ಕೆ ತಿರುಗಿ ನೋಡಿದರು. "ಒಯ್ದೇತಿ," ಎಂದರು. "ಗಾಳಿ ಒಯ್ದೇತಿ ನೋಡ್ರಿ."

"ಒಣಗಿದ್ದು ನಿನ್ನೆನ ತೆಗದೇವ್ರಿ," ಎಂದರು ಅತ್ತೆ.

ಬೀಗತಿ ಕಣ್ಣು ಒರೆಸಿಕೊಂಡು ಒಂದು ಕೋಲಿನ ಮೇಲೆ ಬೆರಳು ಎಳೆದರು. ಬೆರಳಿಗೆ ಧೂಳು ಬಂತು, ಹಿಟ್ಟು ಬರಲಿಲ್ಲ. ಆ ಬೆರಳನ್ನು ನಾದಿನಿಯ ಮುಂದೆ ಹಿಡಿದರು.

"ನೀ ಹೇಳ ತಂಗಿ."

ಅತ್ತೆ ಹಿಂದಿನಿಂದ ಅವಳ ಸೆರಗು ಜಗ್ಗಿದ್ದನ್ನು ನಾನು ನೋಡಿದೆ. ನಾದಿನಿಯೂ ತಿರುಗಿ ನೋಡಿದಳು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಗೋಕಾಕ ಅವಳದಾಗುತ್ತಿತ್ತು. ಅವಳು ಸೆರಗು ಬಿಡಿಸಿಕೊಂಡಳು.

"ಶಾವಿಗಿ ಹೊಸೆದಾಕಿ ನಮ್ಮ ವೈನಿ ರಿ," ಎಂದಳು. "ನನಗ ಬರಂಗಿಲ್ಲ. ನಾ ಹೊಸದ್ರ ಮೂಗದಾರ ಆಗತೈತಿ. ಒಣಗಿಸಿದ್ದು ಎಮ್ಮಿ ಅಂಕಣದಾಗ. ಅಲ್ಲಿ ಗಾಳಿ ಆಡಂಗಿಲ್ಲ ಅಂತ ನಾನ ಹುಡುಕೇನಿ. ಎರಡು ದಿನ ಬಾಲ ಹಿಡಕೊಂಡು ನಿಂತಿದ್ನಿರಿ."

"ಯಾರ ಬಾಲ?"

"ಎಮ್ಮಿದರೀ."

ಅತ್ತೆ ಕೋಲುಗಳ ನಡುವೆಯೇ ಕುಸಿದು ಕೂತರು. ಮಾವನಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ. "ಎಮ್ಮಿ ಬಾಲಕ್ಕೂ ಗಾಳಿಗೂ ಏನ್ ಸಂಬಂಧ?" ಎಂದು ನನ್ನನ್ನು ಕೇಳಿದರು.

ಬೀಗತಿ ಏಣಿ ಇಳಿದರು. ನೆಟ್ಟಗೆ ಹಿಂಬದಿಗೆ ಹೋಗಿ ಕುಳ್ಳ ಬಾಗಿಲಲ್ಲಿ ಬಾಗಿ ಎಮ್ಮೆಯ ಅಂಕಣ ಹೊಕ್ಕರು. ಹಿಂದೆ ನಾನು, ನಾದಿನಿ, ಅತ್ತೆ. ಬೀಗತಿ ಗೋಡೆ ತಟ್ಟಿ ನೋಡಿದರು. ತೊಲೆ ನೋಡಿದರು. ಜೇಡದ ಎಳೆಯ ಮುಂದೆ ಕೈ ಆಡಿಸದೆ ನಿಂತು ನೋಡಿದರು. ಎಮ್ಮೆ ಅವರ ಸೆರಗು ಮೂಸಿತು.

"ಲೋಬಾನ ಭಾಳ ಹಾಕೀರಿ," ಎಂದರು.

ಅತ್ತೆ ತಲೆ ತಗ್ಗಿಸಿದರು.

"ನಾನೂ ಮದಲ ವರ್ಷ ಹಿಂಗ ಹಾಕಿದ್ನಿ. ಉಂಡವರು ಗುಡಿ ಪ್ರಸಾದ ಏನ್ರಿ ಅಂತ ಕೇಳಿದ್ರು. ಆಮ್ಯಾಲೆ ಕಡಿಮಿ ಮಾಡಿದೆ." ಬೀಗತಿ ದನಿ ಇಳಿಸಿದರು. "ಗೋಕಾಕದಾಗೂ ಮಾಳಿಗಿ ಮ್ಯಾಲೆ ಒಂದು ಎಳಿ ನಿಲ್ಲಂಗಿಲ್ಲ ನಮ್ಮವ್ವಾ. ಮೂವತ್ತು ವರ್ಷದಿಂದ ನಂದೂ ಎಮ್ಮಿ ಅಂಕಣನ. ನಮ್ಮ ಮನಿಯವರಿಗೂ ಗೊತ್ತಿಲ್ಲ. ಮಾಳಿಗಿ ಮ್ಯಾಲೆ ಸೀರಿ ಹೊದಿಸಿರತೇನಿ."

ನಾವು ಮೂವರೂ ಎಮ್ಮೆಯಂತೆ ನೋಡುತ್ತ ನಿಂತೆವು.

"ಬಾಲ ನಾ ಎಮ್ಮಿ ಕಾಲಿಗೇ ಕಟ್ಟತಿದ್ನಿ," ಎಂದು ಅವರು ನಾದಿನಿಯ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. "ಕಟ್ಟಿದ್ರ ಒದಿತೈತಿ. ಒಂದು ಶಾವಿಗಿ ಮಣಿ ಮುರದೈತಿ. ಹಿಡಿಯವರು ಯಾರೂ ಸಿಕ್ಕಿರಲಿಲ್ಲ."

ನಾದಿನಿಗೆ ನಗು ಬಂತು, ಅಳುವೂ ಬಂತು. ಎರಡೂ ಅವಳ ದೊಡ್ಡ ದನಿಯಲ್ಲೇ ಬಂದವು, ಎಮ್ಮೆ ಬೆದರಿತು.

ಪಡಸಾಲೆಗೆ ವಾಪಸು ಬಂದು ಬೀಗತಿ ಗಂಗಾಳದ ಮುಂದೆ ಕೂತರು. ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದು, ಕಿವಿ ನಿಮಿರಿಸಿ ಕೂತಿದ್ದ ಓಣಿಯ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು: "ಮಾಳಿಗಿ ಮ್ಯಾಲಿನ ಶಾವಿಗಿ ಭಾಳ ಚಲೋ ಆಗ್ಯಾವ್ರಿ. ಹುಡುಗಿ ಪಸಂದ."

"ಎಲ್ಲಾ ಗಾಳಿ ಮಹಿಮಾ," ಎಂದರು ಮಾವ. ಆ ವರ್ಷ ಅರ್ಧ ಮೂಡಲಗಿ ಅವರ ಮಾತು ನಂಬಿ ಮಣೆಗಳನ್ನು ಮಾಳಿಗೆಗೆ ಹತ್ತಿಸಿತು. ಉಳಿದರ್ಧದವರ ಎಮ್ಮೆಗೆ ಮಾತ್ರ ಒಮ್ಮೆಲೇ ದೃಷ್ಟಿಯಾಗಿ, ಓಣಿಓಣಿಯಲ್ಲಿ ಲೋಬಾನದ ಹೊಗೆ ಎದ್ದಿತು. ನಾವು ಯಾರನ್ನೂ ಏನೂ ಕೇಳಲಿಲ್ಲ.

ಮದುವೆ ಆಷಾಢದ ಮೊದಲೇ ಆಯಿತು. ಮಾಸ್ತರನ ಟೊಪ್ಪಿಗೆ ಅವತ್ತೂ ಹಾರಿತು. ಓಡಿ ಹಿಡಿದವಳು ನಾದಿನಿ.

ಅವಳು ಹೋದ ಎರಡನೆಯ ದಿನವೋ ಮೂರನೆಯ ದಿನವೋ ಮುಸ್ಸಂಜೆಗೆ ಪಡುವಣದಿಂದ ಜೋರು ಗಾಳಿ ಎದ್ದಿತು. ಬಾಗಿಲು ಬಡಿಯಿತು. ನಾನು ಆಗ ತಾನೇ ಕಸ ಹೊಡೆದ ಪಡಸಾಲೆಯ ಮೇಲೆ, ಸಾರಿನ ಗಡಿಗೆಯ ಮೇಲೆ, ಎಲ್ಲದರ ಮೇಲೆ ಧೂಳು ಬಂದು ಕೂತಿತು. ನಾನು ಅಭ್ಯಾಸದಂತೆ ಬೈಗುಳಕ್ಕೆ ಕಾದೆ. ಬರಲಿಲ್ಲ. ಅತ್ತೆ ತೆರೆದ ಬಾಗಿಲಲ್ಲಿ ಮುಖವೊಡ್ಡಿ ನಿಂತಿದ್ದರು.

"ಬಾಗಲಾ ಹಾಕಲೇನ್ರಿ ಅತ್ತಿ? ನಮ್ಮ ತವರಿನ ಗಾಳಿ ಬಂದೈತಿ," ಎಂದೆ, ಬೇಕಂತಲೇ.

"ಇರಲಿ ಬಿಡ," ಎಂದರು ಅವರು, ತಿರುಗದೆ. "ಗೋಕಾಕದ ಮ್ಯಾಲಿಂದ ಬಂದಿರತೈತಿ."

ಹೀಗೆ ಆ ಗಾಳಿಯ ಊರು ಬದಲಾಯಿತು. ಕಸಬರಿಗೆ ಹಿಡಿಯುವ ಕೈ ಬದಲಾಗಲಿಲ್ಲ. ನಾನು ಪಡಸಾಲೆಯನ್ನು ಇನ್ನೊಮ್ಮೆ ಗುಡಿಸತೊಡಗಿದೆ, ಬಾಗಿಲಲ್ಲಿ ನಿಂತಿದ್ದ ಅವರನ್ನು ಬಳಸಿಕೊಂಡು.